ನೂರು ಮೀಟರ್ ಅಂದರೆ ನೂರೇ

ಆರು ಗಂಟೆಯಿನ್ನೂ ಆಗಿಲ್ಲ. ಜಂಗಮಕೋಟೆಯ ಮೈದಾನದಲ್ಲಿ ಕಾಲಿಟ್ಟಲ್ಲೆಲ್ಲ ಇಬ್ಬನಿ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮುನಿಗಂಗಮ್ಮ ಉಕ್ಕಿನ ಟೇಪು ಎಳೆಯುತ್ತಾ ನಡೆಯುತ್ತಿದ್ದಾರೆ. ಇದು ಮೂರನೇ ಸಲ. ಸುಣ್ಣದ ಬುಟ್ಟಿ ಇನ್ನೂ ಮುಟ್ಟಿಲ್ಲ.

"ಅಮ್ಮಾ, ಗೆಸ್ಟು ಬಂದ್ಬಿಡ್ತಾರೆ. ಎರಡ್ ಸಲ ಅಳದ್ರಲ್ಲ, ಸಾಲ್ದಾ?" ಎಂದು ಗೋಗರೆಯುತ್ತಾರೆ ವ್ಯಾಯಾಮ ಶಿಕ್ಷಕ ಬಯ್ಯಪ್ಪ.

"ಬರ್ಲಿ ಬಿಡಿ ಸಾರ್. ಕಾಫಿ ಕೊಟ್ಟು ಕೂರ್ಸಿ."

ಐವತ್ತೆಂಟರ ಈಕೆ ಶಿಡ್ಲಘಟ್ಟ ತಾಲೂಕಿನ ಕ್ರೀಡಾಕೂಟಗಳಿಗೆ ಅಂಕಣ ಹಾಕಿಕೊಡುವವರು. ವರ್ಷಕ್ಕೆ ನಲವತ್ತು ಕೂಟ, ಕೂಟಕ್ಕೆ ಎರಡು ಚೀಲ ಸುಣ್ಣ. ಆಹ್ವಾನಪತ್ರಿಕೆಯಲ್ಲಿ ಶಾಮಿಯಾನದವನ ಹೆಸರೂ ಇರುತ್ತದೆ, ಇವರದಿಲ್ಲ. ಒಂದು ಕಾಲಕ್ಕೆ ಇದೇ ಮುನಿಗಂಗಮ್ಮ ಓಟ, ಉದ್ದಜಿಗಿತ, ಭರ್ಜಿ ಎಸೆತ, ಖೋಖೋ, ಕೈ ಹಾಕಿದ್ದರಲ್ಲೆಲ್ಲ ಮುಂದು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಇದೇ ಮೈದಾನದಲ್ಲಿ ನೂರು ಮೀಟರ್ ಓಡಿ, ಆಗಿನ ಕೋಲಾರ ಜಿಲ್ಲೆಯ ದಾಖಲೆ ಮುರಿದರು. ಇನ್ನೇನು ರಾಜ್ಯ ತಂಡ ಸೇರಬೇಕು, ಯಾರೋ ಅನುಮಾನಪಟ್ಟು ಗೆರೆ ಅಳೆಸಿದರು. ಅಯ್ಯೋ, ಎರಡು ಮೀಟರ್ ಕಮ್ಮಿ! ಆಗಿದ್ದಿಷ್ಟು: ಹಿಪ್ಪುನೇರಳೆ ಕಡ್ಡಿಯನ್ನು ಸಾಲಾಗಿ ನೆಡಲು ಗಂಟು ಹಾಕಿಟ್ಟ ಹಗ್ಗವನ್ನೇ ಕೂಟದವರು ತೋಟದಿಂದ ತಂದು ಅಳೆದಿದ್ದರು. ಒಣಗಿದ್ದಾಗ ಸರಿಯಿದ್ದ ಹಗ್ಗ ಇಬ್ಬನಿಗೆ ನೆಂದು ಕುಗ್ಗಿತ್ತು. ದಾಖಲೆ ರದ್ದಾಯಿತು. ಮತ್ತೊಮ್ಮೆ ಓಡಿಸುವ ಪುರುಸೊತ್ತು ಯಾರಿಗಿತ್ತು?

"ಹಗ್ಗ ಕುಗ್ಗಿದ್ಕೆ ನಾನೇನಪ್ಪ ಮಾಡ್ಲಿ? ಜನ ಮಾತ್ರ ಕಳ್ಳಿನ ನೋಡ್ದಂಗೆ ನೋಡಿದ್ರು. ಹೊಟ್ಟೆ ಉರ್ದೋಯ್ತು."

ಮರುವರ್ಷವೇ ಮಸ್ಕತ್ತಿಗೆ ವಿಮಾನ ಹತ್ತಿದರು. ಅಲ್ಲಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಆಯಾ ಕೆಲಸ. ಸಂಜೆ ಮಕ್ಕಳಿಗೆ ಭರ್ಜಿ ಹಿಡಿಯುವ ಪಾಠ. ಹೋದವರೆಲ್ಲ ಚಿನ್ನ ತಂದರೆ ಇವರು ಈ ಉಕ್ಕಿನ ಟೇಪು ತಂದರು. ಅಕ್ಕಪಕ್ಕದವರು ನಕ್ಕಿದ್ದೂ ಆಯಿತು.

ಇವತ್ತಿನದು ರಾಜ್ಯ ತಂಡದ ಆಯ್ಕೆ. ಸಾದಲಿಯ ಹರಿಣಿ ನೂರು ಮೀಟರಿನಲ್ಲಿ ಗೆಲ್ಲುತ್ತಾಳೆ, ಕೂಟದ ದಾಖಲೆಯೂ ಮುರಿಯುತ್ತದೆ. ತೀರ್ಪುಗಾರರೊಬ್ಬರು ಹುಬ್ಬೇರಿಸುತ್ತಾರೆ: "ಇಷ್ಟು ಬೇಗನಾ? ಗೆರೆ ಅಳೀರಿ ನೋಡಣ."

ಬಯ್ಯಪ್ಪನವರ ಮುಖ ಬಿಳಿಚಿಕೊಳ್ಳುತ್ತದೆ. ಹರಿಣಿ ಉಗುರು ಕಚ್ಚುತ್ತಾ ನಿಲ್ಲುತ್ತಾಳೆ. ಮುನಿಗಂಗಮ್ಮ ಮಾತ್ರ ನಲ್ಲಿಯ ಹತ್ತಿರ ಸುಣ್ಣದ ಕೈ ತೊಳೆಯುತ್ತಾ ಆ ಕಡೆ ತಿರುಗಿಯೂ ನೋಡುವುದಿಲ್ಲ. ತೀರ್ಪುಗಾರರು ತಮ್ಮದೇ ಟೇಪಿನಲ್ಲಿ ಅಳೆಯುತ್ತಾರೆ. ನೂರಕ್ಕೆ ಸರಿಯಾಗಿ ನೂರು.

ಓಡಿಬಂದು ಕಾಲಿಗೆ ಬಿದ್ದ ಹರಿಣಿಯನ್ನು ಮುನಿಗಂಗಮ್ಮ ಹಿಡಿದೆತ್ತುತ್ತಾರೆ. ನಿಮಗೂ ಒಂದು ಸನ್ಮಾನ ಆಗಬೇಕಿತ್ತಲ್ಲವೇ ಎಂದು ಕೇಳಿದರೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಅವೆಲ್ಲ ಯಾಕ್ ಬಿಡಿ. ಈ ಮಗು ಓಟನ ಇನ್ಯಾರೂ ರದ್ದು ಮಾಡಕ್ಕಾಗಲ್ಲ. ಅಳ್ದಿರೋದು ನಾನು."