ಮೇಟಿಗೆ ಕಟ್ಟಿದ ಬಳೆ

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಚೆಂಡು ಪುಟಿಯುವ ಜಾಗ ಒಂದೇ ಇತ್ತು, ಅಪ್ಪನ ಕಣ. ನವಲಗುಂದದ ಕಡೆಯ ಎರೆಮಣ್ಣು ಮಳೆ ಬಂದರೆ ಕಾಲು ಹಿಡಿಯುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಜೋಳದ ಕೊಯ್ಲಿನ ಹೊತ್ತಿಗೆ ಅಪ್ಪ ನೆಲಕ್ಕೆ ನೀರು ಹಾಕಿ, ತುಳಿಸಿ, ಸಗಣಿ ಬಳಿದು ಕಣವನ್ನು ಗಟ್ಟಿ ಮಾಡುತ್ತಿದ್ದ. ನಡುವೆ ಮೇಟಿ, ಅಂದರೆ ರಾಶಿ ಮಾಡುವಾಗ, ತೆನೆ ತುಳಿಸಿ ಕಾಳು ಬಿಡಿಸುವಾಗ, ಎತ್ತುಗಳು ಸುತ್ತುವ ಕಂಬ. ನಾನು ಅದಕ್ಕೊಂದು ಗಳ ಬಿಗಿದು, ತುದಿಗೆ ಹರಿದ ಜರಡಿಯ ಬಳೆ ಕಟ್ಟಿದ್ದೆ. ಅದೇ ನನ್ನ ಬಾಸ್ಕೆಟ್‌ಬಾಲ್ ಮೈದಾನ! ಕಣದಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಹಾಗಾಗಿ ಬರಿಗಾಲಲ್ಲೇ ಆಟ. ಕಾಲಿಗೆ ತಣ್ಣಗಿನ ನೆಲ, ಮೂಗಿಗೆ ಒಣ ಜೋಳದ ಸೊಪ್ಪಿನ ವಾಸನೆ.

ಕಾಲೇಜು ಸೇರಿದ ವರ್ಷ ಹುಡುಗಿಯರ ತಂಡಕ್ಕೆ ಆಯ್ಕೆ ನಡೆಯುವ ದಿನ ಬಂತು. ಮರುದಿನವೇ ನಮ್ಮಲ್ಲಿ ರಾಶಿ. ಅಪ್ಪ ಖಡಾಖಂಡಿತವಾಗಿ ಹೇಳಿದ, "ಹೆಸರು ಬಂದ್ರ ಆಡು. ಬರಲಿಲ್ಲಂದ್ರ ನಾಳೆ ಆ ಬಳಿ ಬಿಚ್ಚತೀನಿ. ಮತ್ತ ಚೆಂಡಿನ ಮಾತ ಎತ್ತಬ್ಯಾಡ."

ಗೆಳತಿಯ ಬೂಟು ಕೇಳಿ ಪಡೆದು ಹಾಕಿಕೊಂಡು ಹೋದೆ. ಒಬ್ಬೊಬ್ಬರಿಗೆ ಮೂರು ಎಸೆತ. ಮೊದಲನೆಯದರಲ್ಲೇ ಬೂಟು ಜಾರಿ ಚೆಂಡು ಎಲ್ಲೋ ಹೋಯಿತು. ಸಂಜೆಯ ಬಿಸಿಲು ಬೇರೆ ಕಣ್ಣಿಗೆ ಹೊಡೆಯುತ್ತಿತ್ತು. ಕಣದಲ್ಲಿ ಬಿಸಿಲು ಹೀಗೆ ಹೊಡೆದರೆ ನಾನೇನು ಮಾಡುತ್ತಿದ್ದೆ? ಮೇಟಿ ಸುತ್ತಿ ಆ ಕಡೆ ನಿಲ್ಲುತ್ತಿದ್ದೆ. ಇಲ್ಲೂ ಹಾಗೆಯೇ ಕಂಬ ಸುತ್ತಿ ಹಿಂದೆ ಹೋಗಿ ಚೆಂಡು ಎತ್ತಿದೆ ನೋಡಿ, ಎದುರಿಗೆ ಬಳೆಯ ಹಿಂದೆ ನಿಲ್ಲಿಸಿದ ಹಲಗೆಯ ಬೆನ್ನು! ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏ ತಂಗಿ, ಅಲ್ಲಿಂದ ಹೆಂಗ ಒಗಿತಿ? ಹಲಗಿ ಅಡ್ಡ ಐತೆಲ್ಲ!" ಎಂದರು ಆಟ ಕಲಿಸುವ ಸರ್.

"ನಮ್ಮ ಕಣದಾಗ ಹಲಗಿ ಇಲ್ರಿ ಸರ್. ಎತ್ತಾಗಿಂದ ಬೇಕಾದ್ರೂ ಒಗಿತೀನ್ರಿ."

ನಾಚಿಕೆಯಿಂದ ಮುಖ ಕೆಂಪಾಗಿತ್ತು, ಅಳುವೂ ಬಂದಿತ್ತು. ಆದರೆ ಅತ್ತರೆ ಬಳೆ ಹೋಯಿತು ಎಂದು ಹಲ್ಲು ಕಚ್ಚಿದೆ. "ಬೂಟು ಬಿಚ್ಚಲೇನ್ರಿ?" ಎಂದು ಕೇಳಿದೆ. ಸರ್ ತಲೆಯಾಡಿಸಿ, ಹಲಗೆಯ ಆಸರೆ ಸಿಗದ ಪಕ್ಕದ ಮೂಲೆ ತೋರಿಸಿದರು. ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತು ಎಸೆದೆ. ಬಳೆಗೆ ತಾಗದೆ ಚೆಂಡು ಒಳಗೆ ಬಿತ್ತು. ಆಚೆ ಮೂಲೆಯಿಂದಲೂ ಹಾಗೆಯೇ. ನಗು ನಿಂತಿತು.

"ಇಕಿ ಹೆಸರು ಬರಕೋರಿ" ಎಂದರು ಸರ್.

ಬೆಳಿಗ್ಗೆ ಅಪ್ಪ ಎತ್ತು ಹೂಡಿದ. ನಾನು ಬಳೆಯನ್ನೇ ನೋಡುತ್ತಿದ್ದೆ. "ಎತ್ತಿನ ಕೋಡಿಗೇನು ತಾಗೂದಿಲ್ಲ, ಇರಲಿ ಬಿಡು" ಎಂದ. ಹೊಗಳಿದ್ದು ಅಷ್ಟೇ!

ಮುಂದೆ ಅದೇ ಕಾಲೇಜಿಗೆ ಕೋಚ್ ಆಗಿ ಬಂದೆ. ತಲೆ ಬೆಳ್ಳಗಾಗುವವರೆಗೂ ಕಲಿಸಿದೆ. ಹುಡುಗಿಯರಿಗೆ ಆಟ ಯಾಕೆ ಎಂದವರ ಮನೆಗೂ ಹೋಗಿ, ಜಗಳವಾಡಿ ಮಕ್ಕಳನ್ನು ಕರೆತಂದೆ.

ಈಗ ಯಂತ್ರ ಹೊಲದಲ್ಲೇ ರಾಶಿ ಮುಗಿಸುತ್ತದೆ, ಕಣವೇ ಇಲ್ಲ. ಹುಡುಗಿಯರೇ, ನಿಮಗೆ ಸಿಮೆಂಟಿನ ಮೈದಾನ, ದೀಪ, ಬಣ್ಣಬಣ್ಣದ ಬೂಟು. ಹಾಕಿಕೊಳ್ಳಿ, ನನಗೇನು ಹೊಟ್ಟೆಕಿಚ್ಚಿಲ್ಲ! ಆದರೆ ಕಾಲೇಜು ಮೈದಾನದ ಮೂಲೆಯಲ್ಲಿ ಹಲಗೆಯಿಲ್ಲದೆ ಬಳೆ ಮಾತ್ರ ಇರುವ ಮರದ ಕಂಬ ನೋಡಿ, "ಅಜ್ಜಿ, ಇದು ಮುರಿದಿದೆ" ಎಂದು ನಕ್ಕಿರಲ್ಲ, ಅದು ಮುರಿದದ್ದಲ್ಲ. ನಮ್ಮ ಕಣ ತೆಗೆದ ವರ್ಷ ಅಪ್ಪ ಬಂಡಿಯಲ್ಲಿ ಹೇರಿಕೊಂಡು ಬಂದು, ತಾನೇ ಗುಂಡಿ ತೋಡಿ ನಿಲ್ಲಿಸಿದ ಮೇಟಿ ಅದು. ನಾಳೆ ಅದರ ಹತ್ತಿರ ಆಡಲು ಹೋದರೆ ಬೂಟು ಬಿಚ್ಚಿಟ್ಟು ಹೋಗಿ.