ದವಾಖಾನೆಯ ಅಂಗಳಕ್ಕೆ ಬಂದ ಬಸ್ಸು

ಬಸ್ಸು ಚಿಮ್ಮಡ ದಾಟುತ್ತಿದ್ದಂತೆ ನನ್ನ ಎದೆಯಲ್ಲಿ ಚುಚ್ಚಿದಂತಾಗಿ, ಎಷ್ಟು ಎಳೆದುಕೊಂಡರೂ ಉಸಿರು ಸಾಲದಾಯಿತು. ಹತ್ತು ದಿನ ಫ್ಲೂ ಜ್ವರದಲ್ಲಿ ಮಲಗಿ ಎದ್ದು, ಮುಧೋಳದ ತವರಿನಿಂದ ಬನಹಟ್ಟಿಗೆ ಮರಳುತ್ತಿದ್ದೆ. ನಿತ್ರಾಣವಿರಬೇಕೆಂದು ಕಿಟಕಿಗೆ ತಲೆಯಾನಿಸಿದೆ.

ಪಕ್ಕದಲ್ಲಿದ್ದ ವಯಸ್ಸಾದ ಹೆಣ್ಣುಮಗಳು ನನ್ನ ನಾಡಿ ಹಿಡಿದು ನೋಡಿದರು. ಆಮೇಲೆ ಬಗ್ಗಿ, ಬಾತುಕೊಂಡಿದ್ದ ನನ್ನ ಎಡಗಾಲಿನ ಮೀನಖಂಡ ಒತ್ತಿದರು. ನೋವಿಗೆ ಕಾಲು ಎಳೆದುಕೊಂಡೆ. ಅವರು ತಟ್ಟನೆ ಎದ್ದು ನಿಂತು ಡ್ರೈವರನಿಗೆ ಕೂಗಿ ಹೇಳಿದರು: “ನಾ ನರ್ಸ್ ಅದೀನ್ರಿ. ಇದು ಬರೇ ನಿತ್ರಾಣ ಅಲ್ಲ. ಎಲ್ಲೂ ನಿಲ್ಲಿಸಬ್ಯಾಡ್ರಿ, ಸೀದಾ ದವಾಖಾನಿಗೆ ಹೊಡೀರಿ.”

ನಡುವೆ ಇಳಿಯಬೇಕಾದವರು ಹಲವರಿದ್ದರು. ಹಿಂದಿನ ಸೀಟಿನಿಂದ ಒಬ್ಬರು, “ನಾವು ಆಮ್ಯಾಲೆ ನಡಕೊಂಡು ಹೋಗ್ತೀವಿ, ನೀವು ಹೊಡೀರಿ” ಎಂದರು.

ಬಸ್ಸು ಬನಹಟ್ಟಿಯ ದವಾಖಾನೆಯ ಅಂಗಳಕ್ಕೇ ಬಂದು ನಿಂತಿತು. ಜ್ವರದಲ್ಲಿ ಮಲಗಿದ್ದಾಗ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿರಬೇಕು ಎಂದ ಡಾಕ್ಟರು, ಆಕ್ಸಿಜನ್ ಹಚ್ಚಿ ಮಿರಜದ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ತಪಾಸಣೆ ಮಾಡಿದಾಗ ಅವರ ಊಹೆ ಖರೆಯಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ದಿನವೂ ಇಂಜೆಕ್ಷನ್ ಕೊಟ್ಟರು. ಹದಿನೆಂಟನೆಯ ದಿನ ಯಾರ ಕೈಯನ್ನೂ ಹಿಡಿಯದೆ ನಾನೇ ಮೆಟ್ಟಿಲಿಳಿದು ಬಂದೆ.

ಬಸ್ಸಿನಲ್ಲಿದ್ದ ಆ ನರ್ಸ್ ತಾಯಿಯ ಹೆಸರು ಕೇಳಲು ಅಂದು ನನ್ನಲ್ಲಿ ಉಸಿರಿರಲಿಲ್ಲ. ಈಗ ಸೀರೆ ನೇಯಲು ಮನೆಯ ಮಗ್ಗದ ಮುಂದೆ ಕುಳಿತರೆ ಜೋರಾಗಿ ಹಾಡುತ್ತೇನೆ. ಮಗ್ಗದ ಸಪ್ಪಳಕ್ಕಿಂತ ನನ್ನ ದನಿಯೇ ದೊಡ್ಡದಾಯಿತೆಂದು ಓಣಿಯವರು ದೂರುತ್ತಾರೆ. ದೂರಲಿ.