ಅವ್ವನ ಪಾತ್ರ

ಒಂಬತ್ತನೇ ತರಗತಿಯ ಆ ವರ್ಷ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಂಚಿನ ಕೆಳಗೆ ಕಾಲು ತನ್ನಷ್ಟಕ್ಕೆ ಅಲುಗುತ್ತಿತ್ತು. ಪಕ್ಕದಲ್ಲಿ ಕೂತ ಗೆಳತಿ ತೊಡೆಗೆ ಚಿವುಟಿ ನಿಲ್ಲಿಸುತ್ತಿದ್ದಳು. ಅವಳು ಕೈ ತೆಗೆದೊಡನೆ ಮತ್ತೆ ಶುರು.

ಮೂಡಲಗಿಯ ನಮ್ಮ ಹೈಸ್ಕೂಲಿನಲ್ಲಿ ಓದುವ ಬಳಗ ಕಟ್ಟಿದ್ದು ಅದೇ ವರ್ಷ. ಕನ್ನಡ ಕಲಿಸುತ್ತಿದ್ದ ಅಕ್ಕೋರಿಗೆ ಗೋಕಾಕದಲ್ಲೊಬ್ಬರು, ಹುಕ್ಕೇರಿಯಲ್ಲೊಬ್ಬರು ಗೆಳತಿಯರಿದ್ದರು. ಇಬ್ಬರೂ ಹೈಸ್ಕೂಲಿನಲ್ಲೇ ಕಲಿಸುವವರು. ಮೂರೂ ಸಾಲೆಯ ಮಕ್ಕಳು ಒಂದೇ ಕಾದಂಬರಿ ಓದುವುದು, ವರ್ಷದ ಕೊನೆಗೆ ಒಂದು ಕಡೆ ಕೂಡಿ ಅದರ ಹಬ್ಬ ಮಾಡುವುದು ಎಂದು ಅವರು ಮಾತಾಡಿಕೊಂಡಿದ್ದರು. ಶನಿವಾರ ಮುಂಜಾನೆಯ ಸಾಲೆ ಬಿಟ್ಟ ಮೇಲೆ ನಾವು ಪ್ರಯೋಗಾಲಯದ ಉದ್ದ ಮೇಜಿನ ಸುತ್ತ ಸೇರುತ್ತಿದ್ದೆವು. ಇದ್ದ ಕೆಲವೇ ಪ್ರತಿಗಳನ್ನು ಸರದಿಯಂತೆ ಮನೆಗೆ ಒಯ್ಯುತ್ತಿದ್ದೆವು. ನನ್ನ ಸರದಿ ಬಂದಾಗ ನಮ್ಮೂರು ಮಸಗುಪ್ಪಿಯ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಓದಲು ಶುರು ಮಾಡಿದೆ.

ನಮ್ಮ ವಯಸ್ಸಿನವರಿಗೆಂದೇ ಬರೆದ ಕಾದಂಬರಿ ಅದು. ಕಥೆ ಹೇಳುವವಳು ಹದಿನೈದರ ಹುಡುಗಿ. ಅಪ್ಪ ಇಲ್ಲ. ಅವಳ ತಾಯಿಯನ್ನು ಮದುವೆಯಾಗುತ್ತೇನೆಂದು ಒಬ್ಬ ಕೇಳಿದ್ದಾನೆ. ಹುಡುಗಿ ಒಪ್ಪುವುದಿಲ್ಲ.

ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿ ಪುಸ್ತಕ ಮುಚ್ಚಿ ಚೀಲಕ್ಕೆ ತುರುಕಿದೆ. ಬಸ್ಸಿನಲ್ಲಿದ್ದವರೆಲ್ಲ ನನ್ನ ಹೆಗಲ ಮೇಲಿಂದ ಅದನ್ನು ಓದಿಬಿಟ್ಟಿದ್ದಾರೆ ಅನ್ನಿಸಿತು. ನಮ್ಮ ಮನೆಯಲ್ಲೂ ಅದೇ ನಡೆದಿತ್ತು.

ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವನು ನಡೆಸುತ್ತಿದ್ದ ಹಿಟ್ಟಿನ ಗಿರಣಿಯನ್ನು ಅವ್ವ ಮುಚ್ಚಲಿಲ್ಲ. ಸೆರಗು ಬಿಗಿದು, ತಲೆಗೊಂದು ಬಟ್ಟೆ ಸುತ್ತಿಕೊಂಡು ಊರಿಗೆಲ್ಲ ಜೋಳ, ಗೋಧಿ ಬೀಸಿಕೊಡುತ್ತಿದ್ದಳು. ಮೋಟಾರು ಕೆಟ್ಟರೆ ಹುಕ್ಕೇರಿಯಿಂದ ಒಬ್ಬರು ಬರುತ್ತಿದ್ದರು. ಸುತ್ತಲಿನ ಹಳ್ಳಿಗಳ ಗಿರಣಿಗಳನ್ನೆಲ್ಲ ರಿಪೇರಿ ಮಾಡುವವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆ ವರ್ಷ ಮೋಟಾರು ಸರಿಯಿದ್ದಾಗಲೂ ಅವರ ಬೈಕು ನಮ್ಮ ಗಿರಣಿಯ ಮುಂದೆ ನಿಲ್ಲತೊಡಗಿತು.

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಅವರು ಮದಿವಿ ಮಾತ ತಗದಾರ. ನೀ ಏನಂತಿ?"

"ನಾ ಹತ್ತನೇತ್ತಿ ಮುಗಸೂತನಾರ ತಡಕೊ," ಅಂದೆ. "ನಾಳಿ ನಾ ಸಾಲಿಗೆ ಹೆಂಗ ಮಾರಿ ತೋರಸ್ಲಿ?"

ಅವ್ವ ಮತ್ತೆ ಆ ಮಾತೆತ್ತಲಿಲ್ಲ. ಎತ್ತಿದವಳು ಆಯಿ, ಅಪ್ಪನನ್ನು ಹೆತ್ತವಳು. ಎಲ್ಲರಿಗಿಂತ ಮೊದಲು ಬೇಡ ಅನ್ನುವವಳು ಅವಳೇ ಎಂದು ನಾನು ನಂಬಿಕೊಂಡಿದ್ದೆ. ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತವಳು ನನ್ನನ್ನು ಕರೆದು ಬಾಜೂಕ್ಕೆ ಕೂರಿಸಿಕೊಂಡಳು.

"ಗಂಡ ಸತ್ತಾಕಿ ಮತ್ತ ಮದಿವಿ ಆಗೂದು ನಮ್ಮ ಮಂದ್ಯಾಗ ಹೊಸಾದಲ್ಲ. ಉಡಿಕಿ ಅಂತ ಮೊದಲಿಂದಾನೂ ಐತಿ. ನನ್ನ ಮಗಾ ಹೋದ. ನಿಮ್ಮವ್ವನೂ ಅವನ ಕೂಡ ಹೋಗಬೇಕಂತೇನ?"

ನಾನು ಎದ್ದು ಹೋದೆ. ಎಲ್ಲಿಗೆಂದು ಗೊತ್ತಿರಲಿಲ್ಲ. ಕಬ್ಬಿನ ಗದ್ದೆಯ ಬದುವಿನ ಮೇಲೆ ಅತ್ತಿಂದಿತ್ತ ಓಡಾಡಿ ಕತ್ತಲಾಗುವ ಮೊದಲು ಮನೆಗೆ ಬಂದೆ. ಬಂದವಳು ಕಾದಂಬರಿಯನ್ನು ಕೊನೆಯವರೆಗೆ ಓದಿ ಮುಗಿಸಿದೆ. ಕೊನೆಯಲ್ಲಿ ಆ ಗಂಡಸು ಕಾದು ಕಾದು ಬೇರೆ ಊರಿಗೆ ಹೊರಟುಹೋಗುತ್ತಾನೆ. ಹುಡುಗಿ ಗೆಲ್ಲುತ್ತಾಳೆ. ಓದಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಹಬ್ಬಕ್ಕೆ ಪ್ರತಿ ಸಾಲೆಯೂ ಒಂದೊಂದು ಅಧ್ಯಾಯವನ್ನು ಆಡಿ ತೋರಿಸಬೇಕೆಂದು ಗೊತ್ತಾಯಿತು. ತಾಯಿ ಮಗಳ ಮುಂದೆ ಮದುವೆಯ ಮಾತು ತೆಗೆಯುವ, ಮಗಳು ಸಿಟ್ಟಿನಿಂದ ಎದ್ದು ಹೋಗುವ ಅಧ್ಯಾಯ ನಮ್ಮ ಪಾಲಿಗೆ ಬಂತು.

ಅಕ್ಕೋರು ನನ್ನತ್ತ ಬೆರಳು ಮಾಡಿದರು. "ಮಗಳ ಪಾರ್ಟ್ ನೀ ಮಾಡು. ನಿನ್ನ ದನಿ ಹಿಂದಿನ ಗ್ವಾಡಿತನಾ ಮುಟ್ಟತೈತಿ."

ಆ ಮಾತುಗಳನ್ನು ನಾನು ಅಡುಗೆಮನೆಯಲ್ಲಿ ಆಡಿಯಾಗಿತ್ತು. ಇನ್ನು ಮಂದಿಯ ಮುಂದೆ ಆಡಿದರೆ ಅದು ನಾಟಕವಲ್ಲ ಅನ್ನುವುದು ನನ್ನ ಮುಖ ನೋಡಿದವರಿಗೆಲ್ಲ ತಿಳಿದುಬಿಡುತ್ತದೆ.

"ನಾ ಅವ್ವನ ಪಾರ್ಟ್ ಮಾಡತೇನ್ರಿ, ಅಕ್ಕೋರ," ಅಂದೆ.

ತಪ್ಪಿಸಿಕೊಂಡೆ ಅಂದುಕೊಂಡಿದ್ದು ತಾಲೀಮಿನ ಮೊದಲ ದಿನವೇ ಸುಳ್ಳಾಯಿತು. ತಾಯಿಗೆ ಮಾತು ಕಡಿಮೆ. ಮಗಳು ಎದ್ದು ಹೋದ ಮೇಲೆ ಅವಳು ಒಬ್ಬಳೇ ಕೂತಿರಬೇಕು, ಅಷ್ಟೇ. ಆ ಅಷ್ಟೇ ಎನ್ನುವುದು ನನ್ನಿಂದ ಆಗಲಿಲ್ಲ. ಸ್ಟೂಲಿನ ಮೇಲೆ ಕೂತೊಡನೆ ಕಾಲು ಅಲುಗುತ್ತಿತ್ತು, ಬೆರಳು ಸೆರಗು ಹುಡುಕುತ್ತಿತ್ತು. ಮೈಯೆಲ್ಲ ಇರುವೆ ಹರಿದಂತಾಗಿ ಎದ್ದುಬಿಡುತ್ತಿದ್ದೆ.

"ಅವಸರ ಯಾಕ?" ಅಂದರು ಅಕ್ಕೋರು. "ಆಕಿ ಎದ್ದು ಎಲ್ಲಿಗೆ ಹೋಗಬೇಕು? ಮಗಳಿಗೆ ಹೊರಗ ಹೋಗಾಕ ದಾರಿ ಐತಿ. ಈಕಿಗಿಲ್ಲ. ಕುಂಡ್ರು."

ಹಬ್ಬದ ಹಿಂದಿನ ದಿನ ಸೀರೆ ಬೇಕೆಂದು ಅವ್ವನನ್ನು ಕೇಳಿದೆ. ಅವಳು ಗಿರಣಿಯಿಂದ ಬಂದ ಹಿಟ್ಟಿನ ಕೈ ತೊಳೆದುಕೊಂಡು, ತನ್ನ ಹಸಿರು ಇಳಕಲ್ ಸೀರೆ ತೆಗೆದು ಉಡಿಸಿ ನೋಡಿದಳು. ನಿರಿಗೆ ಹಿಡಿಯುತ್ತ ಕೇಳಿದಳು.

"ಏನ ನಾಟಕ ಅದು?"

ಹೇಳಿದೆ. ಎಲ್ಲ ಹೇಳಿದೆ, ಬೇಕೆಂದೇ, ಅವಳ ಮುಖ ನೋಡುತ್ತ. ನಿರಿಗೆ ಹಿಡಿದ ಬೆರಳು ಒಂದು ಗಳಿಗೆ ನಿಂತು ಮತ್ತೆ ಮಡಚತೊಡಗಿತು.

"ಕಡೀಕ ಆ ಹೆಣಮಗಳು ಏನ ಮಾಡತಾಳ?"

"ನಾ ಇನ್ನಾ ಅಲ್ಲಿತನಾ ಓದಿಲ್ಲ," ಅಂದೆ.

ಮರುದಿನ ಅಕ್ಕೋರ ಜೊತೆ ಟೆಂಪೊದಲ್ಲಿ ಹುಕ್ಕೇರಿಯ ಸಾಲೆಗೆ ಹೊರಟೆವು. ಧುಪದಾಳದ ಒಡ್ಡು ಬಂದಾಗ ನೀರು ನೋಡಲು ಎಲ್ಲರೂ ಒಂದೇ ಕಿಟಕಿಗೆ ಮುಗಿಬಿದ್ದರು. ನಾನು ಮಡಿಲಲ್ಲಿದ್ದ ಸೀರೆಯ ಗಂಟನ್ನು ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದೆ. ಹುಕ್ಕೇರಿ ಎಂದರೆ ನನಗೆ ಆಗ ಒಬ್ಬರ ಊರು. ಆ ಊರಿನ ಬಸ್‌ಸ್ಟ್ಯಾಂಡು, ಪಾನಪಟ್ಟಿ ಅಂಗಡಿ, ಗೋಡೆಗೆ ಒರಗಿಸಿದ ಬೈಕುಗಳು ಎಲ್ಲದರ ಮೇಲೂ ಸಿಟ್ಟು ಬಂತು.

ಸಾಲೆಯ ಸಭಾಂಗಣವನ್ನು ಹುಕ್ಕೇರಿಯ ಮಕ್ಕಳು ಚೆಂದ ಸಿಂಗರಿಸಿದ್ದರು. ಕಾದಂಬರಿಯಲ್ಲಿ ಬರುವ ಮನೆ, ಬಾವಿ, ಬೀದಿಗಳ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದರು. ಗೋಕಾಕದವರು ಹಂಚಲು ಕರದಂಟು ತಂದಿದ್ದರು. ಗದ್ದಲವೋ ಗದ್ದಲ. ಗೋಕಾಕದವರು ಮೊದಲ ಅಧ್ಯಾಯ ಆಡಿದರು, ಆಮೇಲೆ ನಾವು.

ನಮ್ಮ ಮಗಳ ಪಾತ್ರದವಳು ಕೂಗಾಡಿ ಎದ್ದು ಹೋದಳು. ನಾನು ಸ್ಟೂಲಿನ ಮೇಲೆ ಉಳಿದೆ. ತಲೆ ಎತ್ತಿದಾಗ ಸಭಾಂಗಣದ ಹಿಂದಿನ ಬಾಗಿಲಲ್ಲಿ ಅವರು ನಿಂತದ್ದು ಕಂಡಿತು. ಕೈಯಲ್ಲಿ ಹೆಲ್ಮೆಟ್ಟು, ಅಂಗಿಯ ಮೇಲೆ ಗ್ರೀಸಿನ ಕಲೆ. ಎದ್ದು ಓಡಬೇಕೆನ್ನಿಸಿತು. ಆದರೆ ಓಡಲು ದಾರಿಯಿದ್ದದ್ದು ಅವರು ನಿಂತ ಬಾಗಿಲೊಂದೇ. ಕೂತೆ. ಅವ್ವನ ಸೀರೆಯೊಳಗೆ, ಅವ್ವ ಕೂರುವ ಹಾಗೆ, ಒಂದು ಕೈ ಮೊಣಕಾಲ ಮೇಲಿಟ್ಟು. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಅಕ್ಕೋರು ಚಪ್ಪಾಳೆ ತಟ್ಟಿದಾಗಲೇ ಎಚ್ಚರ.

ಎಲ್ಲರ ಆಟ ಮುಗಿದ ಮೇಲೆ ಮಾತುಕತೆ. ಗೋಕಾಕದ ಒಬ್ಬ ಹುಡುಗ ಮೈಕು ಹಿಡಿದು ಎದ್ದು ನಿಂತ.

"ಆ ತಾಯಿ ಬರೇ ತನ್ನದ ನೋಡಕೊಂಡ್ಳು. ಮದಿವಿ ಮಾತ ತಗ್ಯಾಕ ಮಗಳ ಹತ್ತನೇತ್ತಿ ಮುಗಿಯೂತನಾರ ತಡೀಬಹುದಿತ್ತಲ್ರಿ?"

ಭರ್ಜರಿ ಚಪ್ಪಾಳೆ ಬಿತ್ತು. ಅದು ನನ್ನದೇ ಮಾತು. ಅವನ ಬಾಯಲ್ಲಿ ಅದನ್ನು ಕೇಳಿದಾಗ ಯಾಕೋ ತಡೆಯಲಾಗಲಿಲ್ಲ. ಮೈಕು ಬರುವುದಕ್ಕೂ ಕಾಯದೆ ಎದ್ದೆ.

"ಹತ್ತನೇತ್ತಿ ಆದ ಮ್ಯಾಲೆ ಪಿಯುಸಿ ಅಂತಾಳ. ಆಮ್ಯಾಲ ಕಾಲೇಜು. ಆಮ್ಯಾಲ ಮಗಳು ಹೋಗಿಬಿಡತಾಳ. ಆವಾಗ ಆ ಮನ್ಯಾಗ ಆಕೀ ಜೋಡಿ ಯಾರ ಮಾತಾಡಬೇಕು?"

"ಅಂದ್ರ ಮಗಳದು ತಪ್ಪೇನು?" ಅಂದ ಅವನು.

"ತಪ್ಪ ಅಂತ ನಾ ಎಲ್ಲಿ ಅಂದೆ? ಮಗಳಿಗೆ ಸಿಟ್ಟ ಬಂದೈತಿ. ಬರಲಿ. ಆದ್ರ ಸಿಟ್ಟ ಬಂದಾಕಿ ಹೇಳಿದಂಗ ಎಲ್ಲಾ ನಡೀಬೇಕಂತೇನಿಲ್ಲ."

ಕೂತೆ. ಗೆದ್ದೆ ಅನ್ನಿಸಲಿಲ್ಲ. ಯಾರೋ ನನ್ನ ಬಾಯಿಂದ ಏನನ್ನೋ ಕಸಿದುಕೊಂಡ ಹಾಗಾಯಿತು. ಊಟಕ್ಕೆ ಕರೆದರೂ ಹೋಗದೆ ಅಂಗಳದ ನಳದ ಹತ್ತಿರ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದೆ. ಅವರು ಬಂದು ಸ್ವಲ್ಪ ದೂರದಲ್ಲೇ ನಿಂತರು.

"ಚಲೋ ಮಾಡಿದಿ, ತಂಗಿ."

"ನಿಮಗ ಯಾರ ಹೇಳಿದ್ರು ಇಲ್ಲಿ ನಾಟಕ ಐತಿ ಅಂತ?"

"ನಿಮ್ಮವ್ವಾರು ಫೋನ್ ಮಾಡಿದ್ರು. ಕಥೀನೂ ಹೇಳಿದ್ರು. ಕಡೀಕ ಏನ ಆಗತೈತಿ ಅನ್ನೂದು ಅವರಿಗೂ ಗೊತ್ತಿಲ್ಲಂತ."

"ಆಂವ ಊರ ಬಿಟ್ಟ ಹೋಗತಾನ," ಅಂದೆ, ನೆಟ್ಟಗೆ ಅವರ ಮುಖ ನೋಡಿ.

ಅವರು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಹೋಗ್ಲಿ ಬಿಡು. ಬಾಗಲದಾಗ ಎಷ್ಟಂತ ನಿಲ್ಲಬೇಕು ಆಂವಾದ್ರೂ? ಕಾಲು ನೋಯತಾವ."

ನನಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ತಿರುಗಿ ನೋಡದೆ ಒಳಗೆ ಹೋದೆ.

ಮನೆ ಮುಟ್ಟಿದಾಗ ಅವ್ವ ಗಿರಣಿ ಬಂದ್ ಮಾಡುತ್ತಿದ್ದಳು. ಸೀರೆಯನ್ನು ಅವಳ ಕೈಗಿಟ್ಟು, ಉಸಿರು ಬಿಡದೆ ಹೇಳಿದೆ. "ನಂಗ ಮನಸ್ಸಿಲ್ಲ. ಆದ್ರ ಬ್ಯಾಡ ಅನ್ನಂಗಿಲ್ಲ."

ಅವ್ವ ನನ್ನನ್ನು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. "ಅಷ್ಟ ಸಾಕು," ಅಂದಳು.

ಬೇಸಿಗೆ ರಜೆಯಲ್ಲಿ ಮನೆಯ ಮಟ್ಟಿಗೆ ಮದುವೆಯಾಯಿತು. ಅವರು ನಮ್ಮ ಮನೆಗೇ ಬಂದರು. ಆಯಿ ಬಾಗಿಲಲ್ಲಿ ನಿಂತು, ಚಪ್ಪಲಿ ಇಲ್ಲಿ ಬಿಡು, ಅಲ್ಲಿ ಬಿಡಬೇಡ ಎಂದು ಮೊದಲ ದಿನವೇ ಗದರಿದಳು. ಸಾಲೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳುತ್ತಾರೆಂದು ನಾನು ಕಟ್ಟಿಟ್ಟುಕೊಂಡ ಉತ್ತರಗಳೆಲ್ಲ ಹಾಗೇ ಉಳಿದವು. ಗಿರಣಿಯ ಸದ್ದಿನ ನಡುವೆ ಅವ್ವನ ನಗು ಕೇಳತೊಡಗಿತು. ಅದನ್ನು ಸಹಿಸುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು, ಅದು ಅಪ್ಪ ಇದ್ದಾಗ ಕೇಳಿದ ನಗುವೋ ಬೇರೆಯದೋ ಎಂದು ನೆನಪಾಗದೆ ಒದ್ದಾಡುತ್ತಿದ್ದೆ. ಅವರನ್ನು ಕಾಕಾ ಎಂದೆ. ಬೇರೇನಾದರೂ ಅನ್ನು ಎಂದು ಯಾರೂ ಒತ್ತಾಯ ಮಾಡಲಿಲ್ಲ.

ಈಗ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲಿಗೆ ಸೇರಿದ ದಿನ ಕಾಕಾ ಗಾದಿಯನ್ನು ಬೈಕಿಗೆ ಕಟ್ಟಿಕೊಂಡು ಬಂದಿದ್ದರು. ಮೇಲ್ವಿಚಾರಕಿ, "ಇವರು ಯಾರು?" ಎಂದು ಕೇಳಿದರು.

"ನಮ್ಮ ಮನ್ಯಾಗಿನವರ್ರಿ," ಅಂದೆ.

ಕಾಕಾ ಅದನ್ನು ಕೇಳಿಸಿಕೊಂಡಂತೆ ತೋರಿಸಲಿಲ್ಲ. ಕೋಣೆಯ ಫ್ಯಾನಿಗೆ ಕಿವಿಗೊಟ್ಟು, "ಬೇರಿಂಗ್ ಹೋಗೇತಿ ಇದರದು," ಎಂದು ಗೊಣಗಿದರು. ಅವರು ಹೋದ ಮೇಲೆ ಹೊಸ ಕೋಣೆಯಲ್ಲಿ ಗಾದಿ ಬಿಡಿಸಲೂ ಮನಸ್ಸಾಗದೆ ಮೆಟ್ಟಿಲಿಳಿದು ಗೇಟಿನವರೆಗೆ ಬಂದೆ. ಬೈಕು ಆಗಲೇ ತಿರುವು ದಾಟಿತ್ತು.